ಹಿಡಿಕೆ ಬಿಟ್ಟರೆ

ನಮ್ಮ ಕಾರ್ಖಾನೆಯಲ್ಲಿ ವಿಮಾನದ ಭಾರವಾದ ಬಿಡಿಭಾಗವನ್ನು ಕೆಲಸಗಾರರು ಕೈಯಿಂದಲೇ ಎತ್ತಿ ಮಗುಚುತ್ತಿದ್ದರು. ಅದನ್ನು ತಪ್ಪಿಸಲು, ಭಾಗವನ್ನು ಎತ್ತಿ, ಹಿಡಿಕೆಯಿಂದ ತಿರುಗಿಸುವ ಚೌಕಟ್ಟೊಂದನ್ನು ವಿನ್ಯಾಸ ಮಾಡಿದೆ. ಲೆಕ್ಕದಲ್ಲಿ ನಾನು ತಪ್ಪುವವನಲ್ಲ. ಮಾದರಿಯನ್ನು ಚನ್ನಗಿರಿಯ ಒಬ್ಬ ಮೇಸ್ತ್ರಿಯಿಂದ ಮಾಡಿಸಿದೆ. ಅಡಿಕೆ ಬೇಯಿಸಿ ವಾಲಿಸುವ ಹಂಡೆಗಳನ್ನು ಮಾಡುವುದರಲ್ಲಿ ಅವರದು ಎತ್ತಿದ ಕೈ.

ಕೆಲಸ ಮುಗಿದಾಗ ಅವರು ಚೌಕಟ್ಟಿಗೆ ಮರಳಿನ ಚೀಲ ಕಟ್ಟಿ, ಅರ್ಧ ತಿರುಗಿಸಿ, "ಈಗ ಹಿಡಿಕೆ ಬಿಡ್ತೀನ್ರೀ" ಅಂದರು. ನೀರು ತುಂಬಿದ ಹಂಡೆಯನ್ನೂ ಹಾಗೆ ಬಿಟ್ಟು ತೋರಿಸದೆ ಗಿರಾಕಿಗೆ ಕೊಡುವುದಿಲ್ಲವಂತೆ.

"ಯಾಕ್ರೀ ಬಿಡ್ತೀರಿ? ಎರಡೂ ಕೈಯಲ್ಲಿ ಹಿಡೀಬೇಕು ಅಂತ ರೂಲ್ಸ್ ಇದೆ."

"ಹಿಡಿದೋನಿಗೆ ಮೂಗು ತುರಿಸ್ತು ಅಂದ್ರೆ?"

ನಾನು ರೂಲ್ಸಿನ ಹಾಳೆ ತೆಗೆಯುವಷ್ಟರಲ್ಲಿ ಬಿಟ್ಟೇಬಿಟ್ಟರು. ಚೌಕಟ್ಟು ಗಿರ್ರನೆ ತಿರುಗಿತು. ಹಿಡಿಕೆ ನನ್ನ ಮುಖದ ಮುಂದೆಯೇ ಬೀಸಿಹೋಯಿತು.

"ಇದಕ್ಕೆ ನಿಮ್ ರೂಲ್ಸ್ ಓದಾಕೆ ಬರಲ್ಲ ಸಾರ್" ಅಂದರು ಮೇಸ್ತ್ರಿ.

ಕೈ ಬಿಟ್ಟಲ್ಲೇ ನಿಲ್ಲುವಂಥ ಗೇರು ಹಾಕಿಸಿದೆ. ಕಾರ್ಖಾನೆಯ ನಮೂನೆಯಲ್ಲಿ 'ಬದಲಾವಣೆಗೆ ಕಾರಣ' ಎಂಬ ಕಾಲಂ ಇತ್ತು. ಧೈರ್ಯವಾಗಿ 'ಮೂಗಿನ ತುರಿಕೆ' ಎಂದೇ ಬರೆದೆ. ಮ್ಯಾನೇಜರು ಅದನ್ನು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟು ಮೂಗು ತುರಿಸಿಕೊಂಡರು. ಆಮೇಲೆ ಸಹಿ ಹಾಕಿದರು.