ಕಾಗೆ ಮುಟ್ಟದ ರೊಟ್ಟಿ

ಮನೋಳಿಯ ಗುರುಬಸವ್ವ ಉಂಡಾದ ಮೇಲೆ ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾಳೆ. ಇದು ತವರಿನಿಂದ ತಂದ ರೂಢಿ. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಅದರ ಒಂದಗುಳೂ ನೆಲಕ್ಕೆ ಬೀಳಬಾರದು ಎಂದು ಅವಳಪ್ಪ ಕಲಿಸಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಅಂದಾನೆಪ್ಪ, “ನಿನ್ನ ತಾಟ ತಿಕ್ಕಾಕ ಬೂದಿನೂ ಬ್ಯಾಡ ಬಿಡು” ಎಂದು ಚೇಷ್ಟೆ ಮಾಡುತ್ತಿದ್ದ. ಓಣಿಯಲ್ಲಿ ಇನ್ನೂ ಇಬ್ಬರು ಗುರುಬಸವ್ವಂದಿರಿದ್ದಾರೆ, ಆದರೆ ತಾಟು ತೊಳೆದು ಕುಡಿಯುವವಳು ಅಂದರೆ ಇವಳೇ. ಯಾರು ನಕ್ಕರೂ ಇವಳು ಕಿವಿಗೆ ಹಾಕಿಕೊಂಡವಳಲ್ಲ. ಹಟ ಅಂದರೆ ಅಂಥ ಹಟ.

ಆ ಹಟವೇ ಅವಳನ್ನು ಬದುಕಿಸಿತ್ತು ಅನ್ನಬೇಕು. ಅಂದಾನೆಪ್ಪ ತೀರಿಕೊಂಡಾಗ ಮಗ ಸಚಿನ ಇನ್ನೂ ಸಾಲಿಗೆ ಹೋಗುತ್ತಿದ್ದ. ಹೊಳೆದಂಡೆಯ ತುಂಡು ಹೊಲದಲ್ಲಿ ಬದನೆ ಬೆಳೆದು, ಬುಟ್ಟಿ ಹೊತ್ತು ಸವದತ್ತಿ ಸಂತೆಗೆ ಹೋಗಿ ಮಾರಿ ಬಂದಳು. ಮುಂದೆ ಮಗ ದೊಡ್ಡವನಾಗಿ ರಾಮದುರ್ಗದ ಕಡೆಯ ಮಾಲಾಳನ್ನು ಮೆಚ್ಚಿ ತಂದಾಗ, ಅವರ ಮಂದಿ ಬೇರೆ, ನಮ್ಮವರಲ್ಲ ಎಂದು ಬಂಧುಗಳೆಲ್ಲ ಮುಖ ತಿರುವಿದರು. ಗುರುಬಸವ್ವ ಅವರ ಬಾಗಿಲಿಗೇ ಹೋಗಿ ಹೇಳಿದಳು: “ಆಕಿ ಕೈಯಾಗಿನ ರೊಟ್ಟಿ ಉಣ್ಣಾಕಿ ನಾ. ನಿಮಗ್ಯಾಕ ಹೊಟ್ಟಿನೋವು?”

ಅಷ್ಟೇ ಅಲ್ಲ, ಮನೆಯ ದೇವರ ಜಗಲಿಯ ಮೇಲೆ ಮಾಲಾಳ ತವರಿನ ಎಲ್ಲಮ್ಮನ ಫೋಟೊ ಬಂದು ಕುಳಿತಾಗಲೂ ಅವಳು ತುಟಿ ಬಿಚ್ಚಲಿಲ್ಲ. ತಾನು ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಸೊಸೆ ಪಕ್ಕದಲ್ಲಿ ಅರಿಶಿನದ ಭಂಡಾರ ಹಚ್ಚಿ ದೀಪ ಬೆಳಗುತ್ತಿದ್ದಳು. ಇಬ್ಬರ ದೇವರೂ ಜಗಳವಾಡದೆ ಒಂದೇ ಗೋಡೆಗೆ ಒರಗಿಕೊಂಡಿದ್ದರು.

ಸಚಿನ ಸಣ್ಣದೊಂದು ಗೂಡ್ಸ್ ಗಾಡಿ ಓಡಿಸುತ್ತಿದ್ದ. ಊರಿನ ಕಾಯಿಪಲ್ಯವನ್ನು ಬೆಳಗಾವಿ ಮಾರ್ಕೆಟ್ಟಿಗೆ ಒಯ್ಯುವುದು, ಮಧ್ಯಾಹ್ನದೊಳಗೆ ಮರಳುವುದು. ಒಂದು ದಿನ ಮರಳಲಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿಯ ಬದಿಗೆ ನಿಂತ ಲಾರಿಗೆ ಗಾಡಿ ಹಿಂದಿನಿಂದ ಬಡಿದಿತ್ತು. ಹೊತ್ತು ಮುಳುಗುವ ಮುಂಚೆ ಅವನನ್ನು ಮನೆಗೆ ತಂದರು.

ಗುರುಬಸವ್ವನ ಮಂದಿ ಸತ್ತವರನ್ನು ಸುಡುವುದಿಲ್ಲ. ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕುಳಿತವರ ಹಾಗೆ ಮಣ್ಣಿನಲ್ಲಿ ಕೂಡಿಸುತ್ತಾರೆ. ಅಂದಾನೆಪ್ಪನ ಗದ್ದಿಗೆಯ ಪಕ್ಕದಲ್ಲೇ, ಹೊಲದ ಬೇವಿನ ಮರದಡಿ, ಮಗನನ್ನೂ ಕೂಡಿಸಿದರು. ಕ್ರಿಯೆ ಮಾಡಿಸಿದ ಅಯ್ಯನವರು ಹೇಳಿದರು: “ಅಳಬ್ಯಾಡವಾ. ಅಂವ ಲಿಂಗದಾಗ ಕೂಡ್ಯಾನ. ಅಂವಗಿನ್ನ ಹಸಿವಿಲ್ಲ, ನೀರಡಿಕಿಲ್ಲ, ಹುಟ್ಟಿಲ್ಲ, ಸಾವಿಲ್ಲ.” ಗುರುಬಸವ್ವ ತಲೆ ಅಲ್ಲಾಡಿಸಿದಳು. ಅಳಲೂ ಇಲ್ಲ. ಗಂಡ ಹೋದಾಗ ಈ ಮಾತು ಅವಳನ್ನು ಹಿಡಿದು ನಿಲ್ಲಿಸಿತ್ತು. ಈ ಸಲ ಮಾತು ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ. ಲಿಂಗದಲ್ಲಿ ಕೂಡಿದವನನ್ನು ಇನ್ನು ಊಟಕ್ಕೆ ಕರೆಯುವುದು ಹೇಗೆ, ಏನೆಂದು ಬೈಯುವುದು?

ಮೂರನೆಯ ದಿನ ಮಾಲಾಳ ತಾಯಿ ಕರೆವ್ವ ಗದ್ದಿಗೆಯ ಮುಂದೆ ಕಾಗೆಗೆ ಎಡೆ ಇಡಬೇಕು ಎಂದಳು. ಸತ್ತವರ ಜೀವ ಮನೆಯ ಸುತ್ತ ಸುಳಿಯುತ್ತಿರುತ್ತದೆ, ಕಾಗೆಯಾಗಿ ಬಂದು ಎಡೆ ಮುಟ್ಟಿದರೆ ತೃಪ್ತಿಯಾಗಿ ಹೋದ ಹಾಗೆ ಎಂಬುದು ಅವರ ನಂಬಿಕೆ.

“ನನ್ನ ಮಗ ಕಾಗಿ ಆಗ್ಯಾನೇನು?” ಗುರುಬಸವ್ವ ಸಿಟ್ಟಿಗೆದ್ದಳು. “ನಮ್ಮಾಗ ಅದೆಲ್ಲ ಇಲ್ಲರಿ. ಅಂವ ಮುಟ್ಟೂ ಜಾಗಾ ಮುಟ್ಯಾನ.”

“ಇಲ್ಲದಿದ್ರ ಇರಲಿರಿ ಅಕ್ಕಾರ. ನನ್ನ ಮಗಳ ಸಮಾಧಾನಕ್ಕರ ಇಡೋಣ್ರಿ,” ಎಂದಳು ಕರೆವ್ವ ಕೈಮುಗಿದು.

ಎಡೆ ಇಟ್ಟರು. ದಿನವೂ ಬೇವಿನ ಮರದಲ್ಲಿ ಸಂತೆ ಕೂಡಿಸುವ ಕಾಗೆಗಳು ಅವತ್ತು ಒಂದೂ ಇಳಿಯಲಿಲ್ಲ. ಕರೆವ್ವ ಸತ್ತವನಿಗೆ ಮಾತು ಕೊಡುತ್ತ ಹೋದಳು. ನಿನ್ನ ತಾಯಿಯನ್ನು ನೋಡಿಕೊಳ್ಳುತ್ತೇವೆ, ಹೊಲ ಬೀಳುಬಿಡುವುದಿಲ್ಲ, ಬಾರಪ್ಪಾ. ಮಧ್ಯಾಹ್ನದ ಬಿಸಿಲು ಏರಿತು, ಎಡೆಗೆ ಇರುವೆ ಮುತ್ತಿದವು.

ಅವತ್ತು ಸಂಜೆ ಮಾಲಾ ಅತ್ತೆಯ ಮುಂದೆ ಬಾಯಿಬಿಟ್ಟಳು. ಸಚಿನ ಹೋದ ದಿನ ಬೆಳಿಗ್ಗೆ, ಗುರುಬಸವ್ವ ಹಿತ್ತಲಲ್ಲಿ ಎಮ್ಮೆಯ ಹಾಲು ಕರೆಯುತ್ತಿದ್ದಾಗ, ಗಂಡಹೆಂಡಿರ ನಡುವೆ ಮಾತಿಗೆ ಮಾತು ಬೆಳೆದಿತ್ತು. ತವರಿಗೆ ಹೋಗುತ್ತೇನೆ ಅಂದಳು ಇವಳು, ಈ ವಾರ ಬೇಡ ಅಂದ ಅವನು. ಅಷ್ಟೇ ವಿಷಯ. ಇವಳು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿದ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. ಅವನು ಅದನ್ನು ಮುಟ್ಟದೆ ಗಾಡಿ ಹತ್ತಿದ.

“ಇನ್ನ ನಿನ್ನ ಕೈಯಾಗಿಂದು ಉಣ್ಣಂಗಿಲ್ಲ ಅಂದ ಹೋದ್ರಿ ಅತ್ತಿ,” ಎಂದಳು ಮಾಲಾ. “ಹಸದ ಹೋದ್ರು. ಈಗೂ ಉಣ್ಣವಲ್ರು.”

ಗಂಡಹೆಂಡಿರ ಬೆಳಗಿನ ಮಾತು ಮಧ್ಯಾಹ್ನಕ್ಕೆ ಉಳಿಯುವಂಥದ್ದಲ್ಲ. ಇದ್ದಿದ್ದರೆ ಅವನು ಬಂದು ಅದೇ ಡಬ್ಬಿ ಬಿಚ್ಚಿ, ತಂಗಳಾದರೇನಂತೆ ಎಂದು ಉಂಡು ಮಲಗುತ್ತಿದ್ದ. ಸಾವು ಆ ಮಧ್ಯಾಹ್ನವನ್ನೇ ಕಸಿದುಕೊಂಡಿತ್ತು.

ಕರೆವ್ವ ಊರಿಗೆ ಮರಳಿದ ಮೇಲೂ ಮಾಲಾ ಬಿಡಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಹೊಲಕ್ಕೆ ಒಯ್ದು ಇಡುವಳು. ಒಂದು ದಿನ ನಾಯಿ ತಿಂದಿತು, ಒಂದು ದಿನ ಮರದಿಂದ ಇಳಿದು ಬಂದ ಇಣಚಿ. ಕಾಗೆ ಮಾತ್ರ ಇಲ್ಲ. ಅವನು ಉಣ್ಣುವ ತನಕ ತಾನೂ ಉಣ್ಣುವುದಿಲ್ಲ ಎಂಬ ಹಟ ಬೇರೆ. ಅತ್ತೆ ಬೈದರೆ ಚಹಾದಲ್ಲಿ ಅದ್ದಿಕೊಂಡು ಒಂದು ಬ್ರೆಡ್ಡು, ಅಷ್ಟೇ. ಹುಡುಗಿಯ ಕುಪ್ಪಸದ ತೋಳುಗಳು ಜೋಲತೊಡಗಿದವು. ಮಗನಂತೂ ಹೋದ, ಇವಳನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಗುರುಬಸವ್ವನ ಎದೆಯಲ್ಲಿ ಕೂತಿತು.

ಅದಕ್ಕೇ ಒಂದು ಬೆಳಿಗ್ಗೆ ಸೊಸೆಯ ಹಿಂದೆಯೇ ಹೊಲಕ್ಕೆ ನಡೆದಳು. ಮಾಲಾ ಬಾಳೆ ಎಲೆಯ ತುಂಡು ಹಾಸಿ, ರೊಟ್ಟಿ ಇಟ್ಟು, ಪಲ್ಯ ಬಡಿಸಿ, ದೂರ ಬಂದು ಕೂತಳು. ಹೊಳೆಯ ಕಡೆಯಿಂದ ಒಂದು ಕಾಗೆ ಬಂತು. ಬೇವಿನ ಕೊಂಬೆಯಿಂದ ಇಳಿದು, ಗದ್ದಿಗೆಯ ಅಂಚಿಗೆ ಕೂತು, ಕುತ್ತಿಗೆ ಓರೆ ಮಾಡಿ ಎಲೆಯನ್ನು ನೋಡಿತು.

“ಬಾರೋ ಯಪ್ಪಾ,” ಎಂದುಬಿಟ್ಟಳು ಗುರುಬಸವ್ವ.

ಅಂದ ಮೇಲೆ ಅವಳೇ ಬೆಚ್ಚಿದಳು. ತಾನು ಮಗನನ್ನು ಕರೆದಿದ್ದಳು. ಲಿಂಗದಲ್ಲಿ ಕೂಡಿದವನನ್ನು, ಕಾಗೆಯ ಮುಖ ನೋಡಿ ಕರೆದಿದ್ದಳು. ಕಾಗೆ ಎರಡು ಹೆಜ್ಜೆ ಕುಪ್ಪಳಿಸಿತು. ಆಮೇಲೆ ಏನನಿಸಿತೋ, ಪಟ್ಟನೆ ಹಾರಿ ಹೊಳೆಯಾಚೆ ಹೋಯಿತು.

“ನೋಡಿದ್ರಿಲ್ಲರಿ ಅತ್ತಿ? ಬಂದು, ನೋಡಿ, ಹೋದ್ರು,” ಎಂದಳು ಮಾಲಾ. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಗುರುಬಸವ್ವ ಎದ್ದಳು. ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು.

“ಅತ್ತಿ, ಮುಟ್ಟಬ್ಯಾಡ್ರಿ. ಸತ್ತವರಿಗೆ ಇಟ್ಟದ್ದು ಮಂದಿ ಉಣಬಾರದ್ರಿ.”

“ನಾ ಮಂದಿ ಏನು?” ಎಂದಳು ಗುರುಬಸವ್ವ. “ಅಂವ ನನ್ನ ಹೊಟ್ಟ್ಯಾಗಿದ್ದಾಗ ನಾ ಉಂಡದ್ದನ್ನ ಅಂವ ಉಂಡಾನ. ಆವಾಗ ಯಾವ ಕಾಗಿ ಬಂದಿತ್ತು? ಬಾ ಇಲ್ಲೆ. ನಿನ್ನ ಕೈಲೇ ಉಣಸು.”

ಮಾಲಾ ಎದ್ದು ಬಂದು ಕೂತು, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅತ್ತೆಯ ಬಾಯಿಗೆ ಇಟ್ಟಳು. ಗುರುಬಸವ್ವ ಅಗಿದಳು, ನುಂಗಿದಳು, ಮತ್ತೆ ಬಾಯಿ ತೆರೆದಳು. ರೊಟ್ಟಿ ಮುಗಿಯಿತು. ಎಲೆಯ ಮೇಲಿನ ಪಲ್ಯವನ್ನು ಬೆರಳಿನಿಂದ ಬಳಿದು ತಿಂದಳು. ತಂಬಿಗೆಯ ನೀರನ್ನು ಎಲೆಗೆ ಹಾಕಿ, ಸುತ್ತಲೂ ತೊಳೆದು, ಎಲೆಯನ್ನು ದೊನ್ನೆಯ ಹಾಗೆ ಮಡಚಿ ಆ ನೀರನ್ನೂ ಕುಡಿದಳು.

“ಉಂಡಾನವಾ ನಿನ್ನ ಗಂಡ,” ಎಂದಳು. “ನಿನ್ನ ಕೈಲೇ, ಒಂದಗಳ ಬಿಡದಂಗ ಉಂಡಾನ. ಸಿಟ್ಟಿಲ್ಲ ಅಂವಗ. ಇನ್ನರ ನೀ ಉಣ್ಣು.”

ಮಾಲಾ ಅತ್ತೆಯ ಮುಖವನ್ನೇ ನೋಡಿದಳು. ನಂಬಿದಳು. ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿ ತೆಗೆದು, ಬಿಕ್ಕುತ್ತಲೇ ಮುರಿದು ಬಾಯಿಗಿಟ್ಟುಕೊಂಡಳು.

ಗುರುಬಸವ್ವ ಕೈತೊಳೆಯುವ ನೆವದಿಂದ ಹೊಳೆಯ ಕಡೆಗೆ ಮುಖ ತಿರುಗಿಸಿದಳು. ಮಗ ಸತ್ತ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ, ಸೊಸೆಗೆ ಕೇಳದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು. ಉಂಡದ್ದು ತಾನೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು.