ಮುಂದುವರಿಯಲು ಎಫ್ ಒನ್ ಒತ್ತಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗೆ ಸಿಕ್ಕವರೆಲ್ಲ ಫೇಲಾದವರ ಹಾಗೆ ಕಾಣುತ್ತಾರೆ. ನನಗೆ ಆ ಕಾಯಿಲೆ ನೌಕರಿಗೆ ಸೇರಿದ ವರ್ಷವೇ ಬಂದಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೊಳೆನರಸೀಪುರದಲ್ಲಿ ನನಗೆ ಗೊತ್ತಿದ್ದ ಕಂಪ್ಯೂಟರ್ ರಿಪೇರಿಯವರು ಇಬ್ಬರು, ಇಬ್ಬರೂ ನನ್ನ ಶಿಷ್ಯರೇ. ಒಬ್ಬ ಓಮ್‌ನ ನಿಯಮವನ್ನು ಮೂರು ಪರೀಕ್ಷೆಯಲ್ಲಿ ಮೂರು ಥರ ಬರೆದವನು. ಇನ್ನೊಬ್ಬ ಬರೆಯುವ ಗೋಜಿಗೇ ಹೋಗದವನು. ಇವರ ಕೈಗೆ ನಮ್ಮ ಕಂಪ್ಯೂಟರ್ ಕೊಡುವುದಕ್ಕಿಂತ ಹೇಮಾವತಿ ಹೊಳೆಗೆ ಬಿಡುವುದು ವಾಸಿ ಎಂದು ಊರ ತುಂಬ ಹೇಳಿಕೊಂಡು ತಿರುಗಿದ್ದೆ. ಹಾಗಾಗಿ ಅದು ಕೆಟ್ಟ ದಿನ, ನನ್ನ ಊರಿನಲ್ಲೇ ನನಗೆ ಕಾಲಿಡಲು ಒಂದು ಅಂಗಡಿ ಇರಲಿಲ್ಲ.

ಅದು ಹಳೆಯ ಡೆಸ್ಕ್‌ಟಾಪು. ದಪ್ಪ ಡಬ್ಬ, ಗೊರಗೊರ ಅನ್ನುವ ಫ್ಯಾನು, ನೇರಳೆ ಬಣ್ಣದ ದುಂಡು ಪಿನ್ನಿನ ಕೀಬೋರ್ಡು. ಈಗಿನವರು ಕಂಡರೆ ಮ್ಯೂಸಿಯಮ್ಮಿಗೆ ಕೊಡಿ ಅನ್ನುತ್ತಾರೆ. ಅದನ್ನು ಬಳಸುತ್ತಿದ್ದವಳು ನನ್ನ ಹೆಂಡತಿ. ಮದುವೆಗೆ ಮುಂಚೆ ಅರಕಲಗೂಡಿನಲ್ಲಿ ಟೈಪಿಂಗ್ ಕಲಿತವಳು. ಆರು ವರ್ಷದ ಹಿಂದೆ ಅವಳ ತಾಯಿ ನಮ್ಮ ಮನೆಗೆ ಬಂದು ನೆಲೆಸಿದ ಮೇಲೆ, ಅವರ ಬಾಯಲ್ಲಿದ್ದ ಪದಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ಹೊಡೆದಿಟ್ಟಿದ್ದಳು. ಬೀಸುವಾಗ ಹೇಳುವ ಪದ, ಮದುಮಗಳನ್ನು ಹಸೆಗೆ ಕರೆಯುವ ಪದ, ಬಳೆ ತೊಡಿಸುವ ಪದ. ಅವು ಬೇರೆಲ್ಲೂ ಇರಲಿಲ್ಲ. ಪುಸ್ತಕದಲ್ಲಿಲ್ಲ, ಬೇರೆಯವರ ಬಾಯಲ್ಲಿಲ್ಲ. ಆಮೇಲೆ ಆಮೇಲೆ ಅತ್ತೆಯವರ ಬಾಯಲ್ಲೂ ಇಲ್ಲವಾಗತೊಡಗಿದವು.

ಮರೆವು ಮೊದಲು ಹೆಸರುಗಳನ್ನು ತಿಂದಿತು, ಆಮೇಲೆ ಪದಗಳಿಗೆ ಬಾಯಿ ಹಾಕಿತು. ಅತ್ತೆ ಒಂದು ಪದ ಎತ್ತಿಕೊಳ್ಳುವರು, ಮೂರನೆಯ ಸಾಲಿಗೆ ನಿಂತುಬಿಡುವರು. ಆಗ ಹೆಂಡತಿ ಪರದೆ ನೋಡಿ ಮುಂದಿನ ಸಾಲನ್ನು ಮೆಲ್ಲಗೆ ಓದುವಳು. ಅಷ್ಟು ಸಾಕಾಗುತ್ತಿತ್ತು, ಅತ್ತೆ ಅಲ್ಲಿಂದ ಹಿಡಿದು ಕೊನೆಯವರೆಗೂ ಹೋಗಿಬಿಡುತ್ತಿದ್ದರು. ದಿನಾ ಸಂಜೆ ನಾಲ್ಕು ಗಂಟೆಗೆ ಇದು. ಡಾಕ್ಟರೂ, ಈ ರೂಢಿ ಮಾತ್ರ ತಪ್ಪಿಸಬೇಡಿ ಅಂದಿದ್ದರು. ನನಗೆ ಹಾಡು ಅಷ್ಟಕ್ಕಷ್ಟೆ. ಆದರೂ ನಾಲ್ಕು ಗಂಟೆಗೆ ನಾನು ಪೇಪರ್ ಹಿಡಿದುಕೊಂಡು ಆ ಕೋಣೆಯಲ್ಲೇ ಕೂರುತ್ತಿದ್ದೆ, ಪೇಪರ್ ಓದುತ್ತಿರಲಿಲ್ಲ.

ನನ್ನನ್ನು ಕೆರಳಿಸುತ್ತಿದ್ದದ್ದು ವಿಭೂತಿ. ಅತ್ತೆ ಸೋಮವಾರ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಗಟ್ಟಿಯನ್ನು ತಿಕ್ಕಿದ ಒಣಪುಡಿಯಲ್ಲಿ ಮೂರು ಬೆರಳು ಅದ್ದಿಕೊಂಡು ಮನೆಯೆಲ್ಲ ಸುತ್ತುವರು. ಮಿಕ್ಸಿಗೆ ಮೂರು ಪಟ್ಟೆ, ಗ್ಯಾಸ್ ಒಲೆಗೆ ಮೂರು ಪಟ್ಟೆ, ನನ್ನ ಸ್ಕೂಟರಿಗೂ ಮೂರು ಪಟ್ಟೆ. ಕಂಪ್ಯೂಟರಿನಲ್ಲಿ ಡಬ್ಬಕ್ಕೆ ಇಟ್ಟಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಅವರು ಕೀಬೋರ್ಡಿಗೇ ಇಡುವರು, ಅದೂ ಮೇಲಿನ ಸಾಲಿಗೆ. "ನನ್ ಮಗಳು ಕೈ ಆಡ್ಸದು ಅಲ್ಲಿ. ಡಬ್ಬಕ್ಕಿಟ್ರೆ ಏನ್ ಬಂತು ಅಳಿಯಂದ್ರೆ?" ಅನ್ನುವರು. ಒಂದು ಸೋಮವಾರ ಸಂಜೆ ನೋಡುತ್ತೇನೆ, ಕೀಗಳ ಸಂದಿಯಲ್ಲಿ ಬೂದಿ ಕೂತು ಬೆಳ್ಳಗಾಗಿದೆ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಇದೆಂಥ ನಾಚಿಕೆಗೇಡು ಎಂದು ಬಕೆಟ್ಟಿನಲ್ಲಿದ್ದ ಒದ್ದೆ ಬಟ್ಟೆ ತಂದು ಗಸಗಸ ತಿಕ್ಕಿ ಒರೆಸಿದೆ. ಫಳಫಳ ಹೊಳೆಯಿತು. ಮೌಢ್ಯವನ್ನು ಒಂದಿಷ್ಟಾದರೂ ತೊಳೆದ ತೃಪ್ತಿಯಲ್ಲಿ ಕಾಫಿ ಕುಡಿದೆ.

ಮಾರನೆಯ ದಿನ ಕಂಪ್ಯೂಟರ್ ಏಳಲಿಲ್ಲ. ಸ್ವಿಚ್ ಹಾಕಿದರೆ ಬೀಪ್ ಬೀಪ್ ಎಂದು ಒರಲುತ್ತದೆ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ದೂರು ಬರೆಯುತ್ತದೆ. ಗಡಿಯಾರ ತಪ್ಪಿದೆ. ಕೀಬೋರ್ಡು ಸರಿಯಿಲ್ಲ. ಮುಂದುವರಿಯಲು ಎಫ್ ಒನ್ ಒತ್ತಿ. ನಾನು ಬಿದ್ದು ಬಿದ್ದು ನಕ್ಕೆ. ಕೀಬೋರ್ಡು ಸರಿಯಿಲ್ಲ ಎಂದು ಹೇಳಿದ ಮೇಲೆ ಅದೇ ಕೀಬೋರ್ಡಿನಲ್ಲಿ ಏನೋ ಒತ್ತು ಅನ್ನುತ್ತದಲ್ಲ, ಇದನ್ನು ಮಾಡಿದವನು ನನ್ನ ಹಳೆಯ ಶಿಷ್ಯನೇ ಇರಬೇಕು ಅಂದೆ.

"ಕೀಬೋರ್ಡ್ ನೋಡಿ ಅಂತ ಅದೇ ಹೇಳ್ತಾ ಐತಲ್ರೀ. ಅದನ್ನೇ ಒಂದ್ಸಲ ನೋಡ್ಬಾರ್ದಾ?" ಅಂದಳು ಹೆಂಡತಿ.

"ಕೀಬೋರ್ಡ್ ಅಂದ್ರೆ ಸ್ವಿಚ್ಚುಗಳ ಹಲಗೆ ಅಷ್ಟೇ ಕಣೆ. ತಲೆ ಇರೋದು ಡಬ್ಬದಲ್ಲಿ" ಎಂದು ಮತ್ತೆ ನಕ್ಕೆ.

ಕಂಪ್ಯೂಟರ್ ಏಳುವ ಮೊದಲು ಅದರೊಳಗೆ ಬಯೋಸ್ ಎಂಬ ಒಂದು ಸಣ್ಣ ವ್ಯವಸ್ಥೆ ಎಚ್ಚರಾಗಿ ಎಲ್ಲರ ಹಾಜರಿ ತೆಗೆದುಕೊಳ್ಳುತ್ತದೆ. ಅದರ ಒಳಕ್ಕೆ ಹೋಗಿ ಸರಿ ಮಾಡಬೇಕು ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಮಹಾಶಯ ಹೇಳಿದ. 'ಹಾಯ್ ಸ್ನೇಹಿತರೇ' ಎಂದು ಶುರು ಮಾಡಿ ಐದು ನಿಮಿಷ ತನ್ನ ಚಾನೆಲ್ಲಿನ ಗುಣಗಾನ ಮಾಡಿ, ಕೊನೆಗೆ ಡಿಲೀಟ್ ಒತ್ತಿ, ಇಲ್ಲದಿದ್ದರೆ ಎಫ್ ಟೂ, ಅದೂ ಇಲ್ಲದಿದ್ದರೆ ಎಫ್ ಟೆನ್ ಅಂದ. ಹುಡುಗರು ಹೀಗೇ ಉತ್ತರ ಬರೆಯುತ್ತಿದ್ದರು, ಯಾವುದಾದರೂ ಒಂದು ಸರಿಯಿರಲಿ ಅಂತ. ಎರಡು ದಿನ ನಾನು ಎರಡು ಕೈಯಲ್ಲೂ ತಮಟೆ ಬಾರಿಸಿದಂತೆ ಆ ಕೀಗಳನ್ನು ಬಡಿದೆ. ಬಯೋಸ್ ಬಾಗಿಲು ತೆಗೆಯಲಿಲ್ಲ. ನಾಲ್ಕು ಗಂಟೆಗೆ ಅತ್ತೆ ಬಂದು ಎಂದಿನ ಜಾಗದಲ್ಲಿ ಕೂತು ಒಂದು ಪದ ಎತ್ತಿಕೊಂಡು, ಮೂರನೆಯ ಸಾಲಿಗೆ ನಿಂತು ಮಗಳ ಮುಖ ನೋಡಿದರು. ಹೆಂಡತಿಗೂ ಮುಂದಿನ ಸಾಲು ಗೊತ್ತಿರಲಿಲ್ಲ.

ಮೊದಲು ಹೋದದ್ದು ಚನ್ನರಾಯಪಟ್ಟಣಕ್ಕೆ. ಡಬ್ಬವನ್ನು ದುಪಟಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. "ಏನ್ ಸಾ ಅದು, ಮಗಾನಾ?" ಎಂದು ಕಂಡಕ್ಟರ್ ಇಣುಕಿ ನೋಡಿ, ಲಗೇಜ್ ಟಿಕೆಟ್ ಹರಿದ. ಅಂಗಡಿಯವನು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡಿದ್ದ. ಅವನ ಕೀಬೋರ್ಡಿನ ಸಂದಿಯಲ್ಲಿ ಬೋಂಡದ ಚೂರಿತ್ತು, ಇಂಥ ಹೊಲಸನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಾನು ಮೂಗು ಮುರಿದೆ. ಅವನು ಅದನ್ನೇ ಡಬ್ಬಕ್ಕೆ ಚುಚ್ಚಿ, ಒಂದು ಸಲ ಏನೋ ಒತ್ತಿದ. ಕಂಪ್ಯೂಟರ್ ಎದ್ದು ಕೂತಿತು.

"ಬ್ಯಾಟ್ರಿ ಓಗದೆ ಸಾ, ಅದುಕ್ಕೇ ಟೈಮು ಮರೀತಿತ್ತು. ಆಕ್ಕೊಡ್ತೀನಿ" ಎಂದು ಬಿಲ್ಲೆಯಷ್ಟು ಗಾತ್ರದ ಬ್ಯಾಟರಿ ಬದಲಾಯಿಸಿದ. ಆಮೇಲೆ, "ಅಂಗೇ ಒಂದ್ ಫಾರ್ಮ್ಯಾಟ್ ಒಡ್ದು ಕೊಟ್ಬುಡ್ಲಾ? ಒಸಾದ್ರಂಗೆ ಓಡ್ತದೆ" ಅಂದ.

ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹಾಕುವುದು. ಈ ಜನಕ್ಕೆ ಗೊತ್ತಿರುವ ಔಷಧ ಅದೊಂದೇ. ನೆಗಡಿ ಬಂದರೆ ಮೂಗು ಕುಯ್ಯುವ ಕಸುಬು. ಬೇಡ ಎಂದು ಗದರಿದೆ. "ಅಂಗಾರೆ ಒಳ್ಗಿರೋದ್ನ ಪೆನ್‌ಡ್ರೈವ್‌ಗೆ ಆಕ್ಕೊಡ್ಲಾ ಸಾ? ಅಳೇ ಡಿಸ್ಕು, ನಂಬಕಾಗಕಿಲ್ಲ" ಅಂದ. ಎಲೆ ಅಡಿಕೆ ಜಗಿಯುವವನಿಂದ ನನಗೆ ಉಪದೇಶ. ಅದೆಲ್ಲ ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದು ಡಬ್ಬ ಎತ್ತಿಕೊಂಡು ಬಂದುಬಿಟ್ಟೆ.

ಮನೆಗೆ ಬಂದು ಸ್ವಿಚ್ ಹಾಕಿದರೆ ಬೀಪ್ ಬೀಪ್. ಗಡಿಯಾರದ ದೂರು ಹೋಗಿತ್ತು, ಕೀಬೋರ್ಡಿನ ದೂರು ಹಾಗೇ ಇತ್ತು. ಎಫ್ ಒನ್ ಒತ್ತಿ ಅನ್ನುತ್ತಲೇ ಇತ್ತು, ನಾನು ಒತ್ತುತ್ತಲೇ ಇದ್ದೆ.

ಅವನಿಗೆ ಬೈಯುತ್ತ ಮುಂದಿನ ವಾರ ಹಾಸನಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ದೊಡ್ಡ ಅಂಗಡಿ, ಗಾಜಿನ ಬಾಗಿಲು, ಎಸಿ, ಟೈ ಕಟ್ಟಿಕೊಂಡ ಇಂಜಿನಿಯರು. ಬಯೋಸಿನ ದೋಷದ ಬಗ್ಗೆ ನಾನು ಒಂದು ಹಾಳೆ ತುಂಬ ಬರೆದುಕೊಂಡು ಹೋಗಿದ್ದೆ. ಅವನು ಅದನ್ನು ಓದದೆ ಮೇಜಿನ ಮೇಲಿಟ್ಟು, ಅದರ ಮೇಲೆ ಟೀ ಲೋಟ ಇಟ್ಟ. ಡಬ್ಬಕ್ಕೆ ಅಂಗಡಿಯ ಕೀಬೋರ್ಡು ಚುಚ್ಚಿ ಡಿಲೀಟ್ ಒತ್ತಿದ. ಎರಡು ದಿನ ನಾನು ಬಡಿದರೂ ತೆರೆಯದ ಬಯೋಸ್ ಅವನ ಒಂದೇ ಏಟಿಗೆ ನೀಲಿ ಪರದೆ ಬಿಚ್ಚಿ ನಿಂತಿತು. "ಎಲ್ಲಾ ಓಕೆ ಇದೆಯಲ್ಲ ಸಾರ್. ನಿಮ್ಮನೆ ಕರೆಂಟೇ ಸರಿಯಿಲ್ಲ ಅನ್ಸುತ್ತೆ" ಅಂದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. "ಯಾವುದಕ್ಕೂ ಫ್ರೆಶ್ ಆಗಿ ಹಾಕ್ಕೊಡ್ತೀನಿ, ಕೂತಿರಿ" ಎಂದು ಯಾವುದೋ ಸಿ.ಡಿ. ತುರುಕಿ, ಫೋನು ಬಂತೆಂದು ಹೊರಗೆ ಹೋದ. ಎರಡು ನಿಮಿಷ ಬಿಟ್ಟು ಪರದೆ ನೋಡುತ್ತೇನೆ, ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳುತ್ತ ಕೂತಿದೆ. ಅತ್ತೆಯ ಪದಗಳೆಲ್ಲ ಆ ಟೈಯವನ ಒಂದು ಬೆರಳಿನ ಕೆಳಗಿದ್ದವು. ಬಗ್ಗಿ ಮೇಜಿನಡಿಯ ವೈರನ್ನೇ ಕಿತ್ತೆ. ಅಂಗಡಿಯವರೆಲ್ಲ ನನ್ನನ್ನೇ ನೋಡಿದರು. ಅವರಿಗೆ ಬಾಯಿಗೆ ಬಂದದ್ದು ಅಂದು, ಡಬ್ಬ ಹೊತ್ತುಕೊಂಡು ಬಂದೆ.

ಮನೆಯಲ್ಲಿ ಅದೇ ಬೀಪ್. ಕರೆಂಟಿನ ಮಾತು ಹಾಸ್ಯಾಸ್ಪದ ಎಂದು ಸಾರುತ್ತಲೇ, ಯಾರೂ ನೋಡದಾಗ ಹಿತ್ತಲಿನ ಅರ್ತಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಸುರಿದೆ. ಮೂರನೆಯ ವಾರ ನಡೆಯುತ್ತಿತ್ತು. ಅತ್ತೆ ನಾಲ್ಕು ಗಂಟೆಗೆ ಬಂದು ಕೂರುವುದನ್ನು ಬಿಟ್ಟಿದ್ದರು. ಕರೆದರೆ ಬರುವರು, ಹಾಡು ಅಂದರೆ ಯಾವ ಹಾಡು ಅನ್ನುವರು. ನಾನು ಎಲ್ಲ ದೋಷವನ್ನೂ ಅವರ ತಲೆಗೇ ಕಟ್ಟಿದೆ. "ನಿಮ್ಮವ್ವ ಬೂದಿ ಬಳಿದು ಬಳಿದು ಮೆಷಿನ್ ಹಾಳು ಮಾಡಿದ್ರು" ಎಂದು ಹೆಂಡತಿಗೆ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅರಕಲಗೂಡಿಗೆ ಹೋಗಿ. ನಮ್ಮ ಟೈಪಿಂಗ್ ಮೇಡಂ ಈಗ ಕಂಪ್ಯೂಟ್ರೂ ರಿಪೇರಿ ಮಾಡ್ತಾರೆ. ಒಂದ್ಸಲ ನನ್ ಮಾತು ಕೇಳಿ" ಅಂದಳು.

ಟೈಪಿಂಗ್ ಮೇಡಂ ಬಯೋಸ್ ರಿಪೇರಿ ಮಾಡುತ್ತಾರಂತೆ. ಬೇರೆ ದಾರಿ ಇಲ್ಲದೆ ಹೊರಟೆ. ಬಸ್ಸಿನಲ್ಲಿ ಕೂತು ಚೀಲ ಸರಿಸಿದರೆ ಒಳಗೆ ಡಬ್ಬದ ಜೊತೆ ಕೀಬೋರ್ಡೂ ಇತ್ತು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಇದನ್ನೂ ಹೊರುವ ಕರ್ಮ ಬೇರೆ ಎಂದು ಗೊಣಗಿದೆ.

ಆ ಮೇಡಮ್ಮಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮುಚ್ಚಳ ಹಾಕಿದ ನಾಲ್ಕು ಟೈಪ್‌ರೈಟರು, ಎರಡು ಕಂಪ್ಯೂಟರು, ಒಂದು ಮೇಜು. ನಾನು ಬಯೋಸಿನ ವಿಷಯ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು, ನಿಜ ಹೇಳಬೇಕೆಂದರೆ ಆ ಮೂರು ವಾರದಲ್ಲಿ ಪೂರ್ತಿ ಕೇಳಿದವರು ಅವರೊಬ್ಬರೇ. ಕೇಳಿ ಆದ ಮೇಲೆ, "ಕೀಬೋರ್ಡ್ ತಂದಿದ್ದೀರಾ ಸಾರ್?" ಅಂದರು.

ಕೊಟ್ಟೆ. ಅದನ್ನು ಕಿವಿಯ ಹತ್ತಿರ ಹಿಡಿದು ಮೇಲಿನ ಸಾಲಿನ ಮೇಲೆ ಬೆರಳಾಡಿಸಿದರು. ತಲೆಯಿಂದ ಒಂದು ಪಿನ್ನು ತೆಗೆದು ಎಫ್ ಒನ್ ಕೀಯನ್ನು ಮೀಟಿ ಎತ್ತಿದರು. ಕೆಳಗೆ ಬೂದುಬಣ್ಣದ್ದೇನೋ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಒತ್ತು ಎಂದು ಅದು ಕೇಳುತ್ತಿದ್ದ ಕೀ ಮೂರು ವಾರದಿಂದ ಒತ್ತಿಕೊಂಡೇ ಕೂತಿತ್ತು. ಕಂಪ್ಯೂಟರ್ ಮೊದಲ ದಿನದಿಂದಲೂ ಸತ್ಯವನ್ನೇ ಹೇಳುತ್ತಿತ್ತು.

ಅವರು ಚೂರು ಕೆರೆದು ಮೂಸಿ ನೋಡಿದರು. "ಈಬೂತಿ ಅಲ್ವಾ ಸಾರ್ ಇದು? ಒಣಗಿದ್ದಾಗ ಊದಿದ್ರೆ ಹಾರೋಗದು. ಯಾರೋ ನೀರ್ ಬಟ್ಟೇಲಿ ಒರ್ಸವ್ರೆ, ಗಾರೆ ಕಟ್ದಂಗೆ ಕಟ್ಬುಟ್ಟದೆ. ಕೆಲಸದೋರ್ ಒರಸಿದ್ರಾ?"

"ಹೂಂ, ಯಾರೋ" ಅಂದೆ. ಮೂವತ್ತು ವರ್ಷ ಹುಡುಗರ ಸುಳ್ಳುಗಳನ್ನು ಮುಖ ನೋಡಿಯೇ ಹಿಡಿದವನು ನಾನು. ಅವರೂ ಮೇಡಮ್ಮೇ ಅಲ್ಲವೇ. ನನ್ನ ಮುಖವನ್ನು ಒಂದು ಸಲ ನೋಡಿ, ಸುಮ್ಮನೆ ಬ್ರಷ್ಷು ತೆಗೆದುಕೊಂಡು ಒಂದೊಂದೇ ಕೀಯ ಕೆಳಗೆ ಉಜ್ಜತೊಡಗಿದರು. ನನ್ನ ತಟ್ಟೆಯಲ್ಲೇ ಸತ್ತ ಹೆಗ್ಗಣ ಇಟ್ಟುಕೊಂಡು, ಚನ್ನರಾಯಪಟ್ಟಣದವನ ಬೋಂಡ, ಹಾಸನದವನ ಟೈ ನೋಡಿಕೊಂಡು ನಾನು ಊರೂರು ಅಲೆದಿದ್ದೆ.

ಸಂಜೆ ಮನೆಯಲ್ಲಿ ಕಂಪ್ಯೂಟರ್ ಒಂದೇ ಬೀಪಿಗೆ ಎದ್ದಿತು. ಹೆಂಡತಿ ಮೊದಲು ಪದಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡಳು, ಆಮೇಲೆ ಅತ್ತೆಯನ್ನು ಕರೆತಂದು ಕೂರಿಸಿದಳು. ಬಳೆ ತೊಡಿಸುವ ಪದದ ಮೊದಲ ಸಾಲು ಓದಿದಳು. ಅತ್ತೆ ಎತ್ತಿಕೊಳ್ಳಲಿಲ್ಲ. ಎರಡನೆಯ ಸಾಲು ಓದಿದಳು, ಮೂರನೆಯದು ಓದಿದಳು. ಅತ್ತೆ ತಲೆದೂಗುತ್ತ ಕೇಳಿದರು.

"ಚೆಂದಾಗೈತೆ. ಯಾರ್ದವ್ವ ಈ ಪದ?" ಅಂದರು.

"ನಿಂದೇ ಕಣವ್ವ."

"ನಂದಾ? ನಂಗೆಲ್ಲಿ ಬತ್ತದೆ ಬುಡು" ಎಂದು ನಕ್ಕರು.

ಅತ್ತೆ ಎದ್ದು ಹೋದ ಮೇಲೆ, ಒದ್ದೆ ಬಟ್ಟೆಯಲ್ಲಿ ಒರೆಸಿದವನು ನಾನು ಎಂದು ಹೆಂಡತಿಗೆ ಹೇಳಿದೆ. "ಗೊತ್ತು. ಅಡುಗೆಮನೆಯಿಂದ ನೋಡ್ತಿದ್ದೆ" ಅಂದಳು. ಹೇಳಬಾರದಿತ್ತೇ ಅಂದೆ. "ಮೊದಲನೇ ದಿನವೇ ಹೇಳ್ದೆ. ನೀವು ನಕ್ಕ್ರಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹೇಗಿದ್ದರೂ ಮರೆಯುತ್ತಿದ್ದರು, ವಯಸ್ಸಾಯ್ತಲ್ಲ ಎಂದು ಅವಳು ಆಮೇಲೆ ಸಮಾಧಾನ ಹೇಳಿದಳು. ಇರಬಹುದು. ಆದರೆ ಆ ಮೂರು ವಾರ ಅವರದಾಗಿತ್ತು, ಅದನ್ನು ಕಳೆದವನು ನಾನು.

ಈಗ ನಾಲ್ಕು ಗಂಟೆಗೆ ಪದ ಓದುವವನು ನಾನೇ. ರಾಗ ಬರುವುದಿಲ್ಲ, ಪಾಠ ಓದಿದ ಹಾಗೆ ಓದುತ್ತೇನೆ. ಸೋಮವಾರ ಅತ್ತೆ ಮೂರು ಬೆರಳಿನಲ್ಲಿ ಪಟ್ಟೆ ಎಳೆದರೆ, ಅವರು ಅತ್ತ ಹೋದ ಮೇಲೆ ಬಗ್ಗಿ ಮೆಲ್ಲಗೆ ಊದುತ್ತೇನೆ. ಅತ್ತೆ ಗೋಡೆಗೆ ಒರಗಿ ಕೂತು ಎಲ್ಲ ಕೇಳುತ್ತಾರೆ. "ಎಲ್ಲಿ ಕಲ್ತ್ರಿ ಅಳಿಯಂದ್ರೆ ಇವೆಲ್ಲವ?" ಅನ್ನುತ್ತಾರೆ. ನಿಮ್ಮ ಹತ್ತಿರವೇ ಅತ್ತೆ, ಅನ್ನುತ್ತೇನೆ. ಅವರು ನಂಬುವುದಿಲ್ಲ.