ಆರು ಗಂಟೆಯ ಟೋಕನ್

ಎರಡು ದಿನದ ಮಟ್ಟಿಗೆ ಎಂದು ಮಾಡಿದ ಕೆಲಸ ಎರಡು ವರ್ಷ ನನ್ನ ಕುತ್ತಿಗೆಗೆ ಬಿತ್ತು. ಬೇರೆ ಯಾರೂ ಕಟ್ಟಿದ್ದಲ್ಲ, ನಾನೇ ಕಟ್ಟಿಕೊಂಡದ್ದು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸುರತ್ಕಲ್ ಹೆದ್ದಾರಿಯ ಬದಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನನಗೆ ಕಂಪ್ಯೂಟರ್ ವಿಭಾಗದ ಕೆಲಸ. ವಿಭಾಗ ಎಂದರೆ ನಾನೊಬ್ಬಳೇ. ಹೊರದೇಶಕ್ಕೆ ಹೋಗುವ ಮೀನು, ಸೀಗಡಿ ಇಟ್ಟ ಕೋಣೆಗಳ ಉಷ್ಣತೆಯನ್ನು ಐದೈದು ನಿಮಿಷಕ್ಕೊಮ್ಮೆ ಓದಿ, ಮುಖ್ಯ ಕಚೇರಿಯ ದಾಖಲೆಯಲ್ಲಿ ಬರೆಯುವ ಪ್ರೋಗ್ರಾಂ ಒಂದಿದೆ. ಅದು ಹಗಲು ರಾತ್ರಿ ನಡೆಯುತ್ತಲೇ ಇರಬೇಕು. ದಾಖಲೆಯಲ್ಲಿ ಎಲ್ಲಾದರೂ ಖಾಲಿ ಜಾಗ ಕಂಡರೆ ಖರೀದಿಸುವವರು ಇಡೀ ಕಂಟೇನರನ್ನೇ ಬೇಡ ಎನ್ನಬಹುದು.

ದಾಖಲೆಯೊಳಗೆ ಹೋಗಲು ಪ್ರೋಗ್ರಾಮಿಗೆ ಒಂದು ಟೋಕನ್ ಬೇಕು, ಅಂದರೆ ಒಳಗೆ ಬಿಡುವ ಗುರುತು. ನಮ್ಮ ಗೇಟಿನಲ್ಲಿ ಕೂತ ವಾಚ್‌ಮನ್ನಿಗೂ ಅರ್ಥವಾಗುವ ವಿಷಯ ಇದು. ಕೆಲಸದವರಿಗೆ ಅವರವರ ಫೋಟೋ ಇರುವ ಪಾಸು. ಲಾರಿಗೆ ಲಾರಿಯದೇ ಪಾಸು, ಡ್ರೈವರ್ ಯಾರೇ ಇರಲಿ. ಯಂತ್ರದ ಕೆಲಸಕ್ಕೆ ಯಂತ್ರದ ಹೆಸರಿನಲ್ಲೇ ಖಾತೆ ತೆರೆದು, ಅದು ತನ್ನ ಟೋಕನನ್ನು ತಾನೇ ಆಗಾಗ ಹೊಸತು ಮಾಡಿಕೊಳ್ಳುವ ಹಾಗೆ ಮಾಡಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೊಂದು ಅರ್ಜಿ, ಅರ್ಜಿಗೆ ಮ್ಯಾನೇಜರ ಸಹಿ ಬೇಕಿತ್ತು. ಸೋಮವಾರ ತಪಾಸಣೆಯವರು ಬರುವವರಿದ್ದರು, ಆಗಲೇ ಶನಿವಾರ. ನಾನು ನನ್ನ ಸ್ವಂತ ಲಾಗಿನ್ನಿನಿಂದ ಟೋಕನ್ ತೆಗೆದು ಪ್ರೋಗ್ರಾಮಿಗೆ ಕೊಟ್ಟು ಮನೆಗೆ ಹೋದೆ. ಲಾರಿಯ ಗಾಜಿಗೆ ನನ್ನ ಫೋಟೋ ಅಂಟಿಸಿದ ಹಾಗಾಯಿತು.

ಮನುಷ್ಯರ ಟೋಕನಿಗೆ ಆಯಸ್ಸು ಹನ್ನೆರಡು ಗಂಟೆ. ಮುಗಿಯುವ ಹತ್ತು ನಿಮಿಷ ಮೊದಲು ನನ್ನ ಫೋನಿಗೆ ಒಂದು ಪ್ರಶ್ನೆ ಬರುತ್ತದೆ, ಇದು ನೀವೇ ತಾನೇ ಎಂದು. ಹೆಬ್ಬೆರಳು ಒತ್ತಿ ಹೌದು ಎನ್ನಬೇಕು. ಮುಂಚಿತವಾಗಿ ಒತ್ತಿಡುವ ಹಾಗಿಲ್ಲ, ಬೇರೆಯವರ ಬೆರಳು ನಡೆಯುವುದಿಲ್ಲ. ತಪ್ಪಿದರೆ ಪ್ರೋಗ್ರಾಂ ನಿಲ್ಲುತ್ತದೆ. ಮತ್ತೆ ನಾನೇ ಆಫೀಸಿಗೆ ಓಡಿ ಶುರುಮಾಡಬೇಕು. ಬೆಳಿಗ್ಗೆ ಆರು, ಸಂಜೆ ಆರು.

ತಪಾಸಣೆ ಮುಗಿದ ಮೇಲೆ ಅರ್ಜಿ ಹಿಡಿದುಕೊಂಡು ಮ್ಯಾನೇಜರ ಹತ್ತಿರ ಹೋದೆ. ಅವರು ಪಡೀಲಿನವರು, ಮನೆಮಾತು ತುಳು, ಒಳ್ಳೆಯ ಮನುಷ್ಯ. ಹಿಂದೆ ಯಾವುದೋ ಕಾಗದಕ್ಕೆ ಓದದೆ ಸಹಿ ಹಾಕಿ ಬೈಸಿಕೊಂಡಿದ್ದರಂತೆ. ಅಂದಿನಿಂದ ಅರ್ಥವಾಗದ ಕಾಗದವನ್ನು ಮುಟ್ಟುತ್ತಿರಲಿಲ್ಲ.

"ಇದರಲ್ಲಿ ಯಾರ ಹೆಸರೂ ಇಲ್ವಲ್ಲ. ನಾಳೆ ಎಂತಾದ್ರೂ ಆದ್ರೆ ಮಿಷಿನನ್ನು ಕೇಳ್ಲಿಕ್ಕಾಗ್ತದಾ?"

"ಜವಾಬ್ದಾರಿಗೆ ನಾವಿಬ್ಬರು ಇರ್ತೇವೆ ಸರ್. ಲಾಗಿನ್ ಮಾತ್ರ ಅದರದ್ದೇ."

"ಈಗ ನಡೀತಾ ಉಂಟಲ್ಲ. ನಿನ್ನ ಹೆಸರು ಉಂಟು ಅಂತ ನಮಗೂ ಒಂದು ಧೈರ್ಯ ಮಾರಾಯ್ತಿ. ಇರ್ಲಿ ಬಿಡು."

ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನಾನು ಉಬ್ಬಿಹೋದೆ. ಆ ಕಟ್ಟಡದಲ್ಲಿ ತಲೆಗೆ ಶಾಲು ಹಾಕಿಕೊಂಡು ಬರುವ ಒಬ್ಬಳೇ ಹೆಂಗಸು ನಾನು. ಮೊದಲ ವರ್ಷ ಇಡೀ, ಬಿಲ್ ಮಾಡುವ ಹುಡುಗಿ ಎಂದುಕೊಂಡವರೇ ಹೆಚ್ಚು. ನಾನಿಲ್ಲದಿದ್ದರೆ ಇದೆಲ್ಲ ನಿಂತುಹೋಗುತ್ತದೆ ಎಂಬುದು ನಾಚಿಕೆಯಿಲ್ಲದ ಸಂತೋಷ ಕೊಡುತ್ತಿತ್ತು. ಅರ್ಜಿಯನ್ನು ಡ್ರಾಯರಿನಲ್ಲಿಟ್ಟೆ. ಮತ್ತೆ ತೆಗೆದು ಜಗಳ ಮಾಡಬಹುದಿತ್ತು, ಮಾಡಲಿಲ್ಲ.

ಸಂತೋಷ ಆರು ತಿಂಗಳಿಗೆ ಮುಗಿಯಿತು. ಸಿಗ್ನಲ್ ಸಿಗದ ಜಾಗಕ್ಕೆ ಹೋಗುವ ಹಾಗಿಲ್ಲ. ನೆಲಮಾಳಿಗೆಯ ಮದುವೆ ಹಾಲ್ ಆದರೆ ಆರಕ್ಕೆ ಮೊದಲು ಮೆಟ್ಟಿಲು ಹತ್ತಿ ಹೊರಗೆ ಬಂದು, ಪಾರ್ಕ್ ಮಾಡಿದ ಕಾರುಗಳ ನಡುವೆ ನಿಲ್ಲಬೇಕು. ಜ್ವರ ಬಂದರೂ ಅಲಾರಂ. ಬೆಳಿಗ್ಗೆ ನಮಾಝಿಗೆ ಎದ್ದವಳು ಫೋನನ್ನು ನಮಾಝಿನ ಚಾಪೆ ಮುಸಲ್ಲಾದ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ದೇವರೆದುರು ಕೂತಾಗಲೂ ಕಣ್ಣು ಫೋನಿನ ಮೇಲೆ. ಕೆಲಸ ಬಿಡೋಣ ಎಂದರೆ, ಬಿಟ್ಟ ದಿನವೇ ನನ್ನ ಲಾಗಿನ್ ಸಾಯುತ್ತದೆ, ಪ್ರೋಗ್ರಾಮೂ ಸಾಯುತ್ತದೆ. ಆಮೇಲೆ ಎಲ್ಲರ ಬಾಯಲ್ಲಿ ನನ್ನ ಹೆಸರೇ.

ಎರಡನೆಯ ವರ್ಷದ ಮಳೆಗಾಲದಲ್ಲಿ ಉಪ್ಪ, ನನ್ನ ತಂದೆ, ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ಪೇಪರ್ ಮಡಚಿಟ್ಟು, ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ. ಗಲ್ಫಿನಿಂದ ಅಣ್ಣ ಬರುವ ತನಕ ಮಯ್ಯತ್ತನ್ನು, ಅಂದರೆ ಉಪ್ಪನ ದೇಹವನ್ನು, ಇಟ್ಟುಕೊಂಡಿದ್ದೆವು. ಅಣ್ಣ ಕಾಟಿಪಳ್ಳದ ಮನೆ ಮುಟ್ಟಿದಾಗ ಸಂಜೆ ಐದು ಗಂಟೆ. ಮ್ಯಾನೇಜರೂ ಬಂದಿದ್ದರು, ಮಳೆಯಲ್ಲಿ ರಸ್ತೆಯಲ್ಲೇ ಕೊಡೆ ಹಿಡಿದು ನಿಂತಿದ್ದರು. ನಾನು ಗೇಟಿನ ತನಕ ಹೋದೆ. "ಎಂತ ಬೇಕಾದ್ರೂ ಕೇಳು, ಸಂಕೋಚ ಮಾಡ್ಬೇಡ," ಎಂದರು. ಕಣ್ಣಲ್ಲಿ ನೀರಿತ್ತು. ಆಮೇಲೆ ಸ್ವರ ತಗ್ಗಿಸಿ, "ಆರು ಗಂಟೆದೊಂದು ಮರೀಬೇಡ, ಆಯ್ತಾ," ಎಂದರು.

ನಾನು ಮರೆಯಲಿಲ್ಲ. ಉಪ್ಪನನ್ನು ಚಾವಡಿಯಿಂದ ಎತ್ತುವಾಗ ಆರಕ್ಕೆ ಐದು ನಿಮಿಷ. ಉಮ್ಮ ಒಳಕೋಣೆಯ ಬಾಗಿಲಲ್ಲಿ ಇಬ್ಬರು ಹೆಂಗಸರ ಕೈ ಹಿಡಿದು ನಿಂತಿದ್ದರು. ನಾನು ಅವರ ಬೆನ್ನ ಹಿಂದಿನಿಂದ ಅಡಿಗೆಕೋಣೆಗೆ ಹೋದೆ, ಅಕ್ಕಿ ಡಬ್ಬದ ಹತ್ತಿರ ಗೋಡೆಗೆ ಮುಖ ಮಾಡಿ ಫೋನ್ ತೆಗೆದೆ. ಇದು ನೀವೇ ತಾನೇ? ಹೌದು. ತಿರುಗಿ ಬರುವಷ್ಟರಲ್ಲಿ ಚಾವಡಿ ಖಾಲಿಯಾಗಿತ್ತು. ಮನೆಯಿಂದ ಹೊರಡುವ ಉಪ್ಪನನ್ನು ನಾನು ನೋಡಲಿಲ್ಲ.

ನೆಂಟರೆಲ್ಲ ನನ್ನ ಬೆನ್ನು ಸವರಿದರು. ಪಾಪ, ನೋಡಲಾರದೆ ಒಳಗೆ ಹೋಗಿ ಅತ್ತಳು ಎಂದರು. ಆ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿರಲಿಲ್ಲ. ನಾನು ಅಲ್ಲ ಎನ್ನಲಿಲ್ಲ. ಮಗಳೆಂದರೆ ಹೀಗಿರಬೇಕು ಎಂದು ಅವರು ಹೇಳುವಾಗ ತಲೆತಗ್ಗಿಸಿ ಕೂತಿದ್ದೆ.

ಅಂದಿನಿಂದ ಉಮ್ಮನ ಇದ್ದತ್. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಕಾಲ ಅದು. ಬಿಳಿ ಸೀರೆ, ಒಳಕೋಣೆ, ಅಡಿಗೆಕೋಣೆ, ಅಷ್ಟೇ. ಮೊದಲು ಮೀನಿನವನ ಹಾರ್ನ್ ಕೇಳಿದರೆ ಚಪ್ಪಲಿಯೂ ಹಾಕದೆ ಓಡುತ್ತಿದ್ದವರು, ಈಗ ಕಿಟಕಿಯ ಪರದೆಯ ಹಿಂದೆ ನಿಂತು ಇಂದು ಎಂತ ಮೀನು ಎಂದು ನನ್ನನ್ನು ಕೇಳುತ್ತಿದ್ದರು. ಅಡಿಗೆಕೋಣೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದರು.

ನನ್ನ ಆರು ಗಂಟೆಯ ಲೆಕ್ಕವನ್ನೂ ಅವರೇ ಇಡತೊಡಗಿದರು. ಮನೆಯಲ್ಲಿ ನಮ್ಮದು ಬ್ಯಾರಿ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಆರು ಆಗ್ತಾ ಬಂತು, ನಿನ್ನ ಆ ಒತ್ತುದು ಉಂಟಲ್ಲ," ಎಂದು ಒಳಗಿನಿಂದ ಕೂಗುತ್ತಿದ್ದರು. ಅದೆಂತದ್ದು ಎಂದು ಒಮ್ಮೆಯೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಹೊರಗೆ ಹೋಗುವ ಹಾಗಿಲ್ಲ. ಒಬ್ಬರ ಗೀಟುಗಳು ಮುಗಿಯುತ್ತ ಬರುತ್ತಿದ್ದವು.

ಇದ್ದತ್ ಮುಗಿದ ಸಂಜೆ ಉಮ್ಮ ಸ್ನಾನ ಮಾಡಿ, ತಿಳಿನೀಲಿ ಸೀರೆ ಉಟ್ಟು ಬಂದರು. ಅವರ ಅಕ್ಕ, ನನ್ನ ದೊಡ್ಡಮ್ಮ, ಕಾರು ಮಾಡಿಕೊಂಡು ಬಂದಿದ್ದರು, ಮೊದಲ ಸಲಕ್ಕೆ ತಂಗಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಲು. ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗಿಗೆ ಮೊದಲೇ ಹೊರಟರೆ ಅಲ್ಲಿಯೇ ನಮಾಝ್ ಎಂದಾಗಿತ್ತು. ಹೊಸ್ತಿಲು ದಾಟುವಾಗ ಹಿರಿಯರು ಕೈ ಹಿಡಿಯುವುದು ನಮ್ಮ ಮನೆಯ ರೂಢಿ. ಉಮ್ಮ ಮಾತ್ರ ದೊಡ್ಡಮ್ಮನ ಕೈ ಬಿಟ್ಟು ನನ್ನ ಕಡೆ ತಿರುಗಿದರು.

"ನೀನು ಹಿಡಿ," ಎಂದರು.

ನಾನು ಬಲಗೈ ಚಾಚುವುದಕ್ಕೂ ಫೋನ್ ಅದಿರುವುದಕ್ಕೂ ಸರಿಹೋಯಿತು. ಉಮ್ಮನಿಗೂ ಅದು ಕೇಳಿಸಿತು. "ಒತ್ತು. ನಾನು ನಿಲ್ತೇನೆ."

ಹೆಬ್ಬೆರಳಿನಲ್ಲಿ ರೊಟ್ಟಿಯ ಅಕ್ಕಿಹಿಟ್ಟು ಮೆತ್ತಿತ್ತು. ಫೋನ್ ನನ್ನ ಬೆರಳನ್ನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದೆ, ಒಪ್ಪಲಿಲ್ಲ. ನಲ್ಲಿಗೆ ಓಡಿ ಕೈ ತೊಳೆದೆ. ಉಮ್ಮ ಹೊಸ್ತಿಲ ಒಳಗೆ, ಚಪ್ಪಲಿಗೆ ಒಂದು ಗೇಣು ಇರುವಾಗ, ನಿಂತೇ ಇದ್ದರು. ಅಷ್ಟು ದಿನ ಕಾದ ಹೆಂಗಸು ನನ್ನ ಯಂತ್ರಕ್ಕಾಗಿ ಇನ್ನೂ ಕಾಯುತ್ತಿದ್ದರು. ಕೊನೆಗೆ ಫೋನ್ ಹೌದು ಎಂದಿತು, ಅದೇ ಹೊತ್ತಿಗೆ ಬಾಂಗ್ ಶುರುವಾಯಿತು.

"ಇನ್ನು ನಮಾಝ್ ಮಾಡಿಯೇ ಹೋಗುವ," ಎಂದರು ದೊಡ್ಡಮ್ಮ.

ಉಮ್ಮ ಹಿಂದೆ ತಿರುಗಿ ಒಳಗೆ ನಡೆದರು. ನನ್ನನ್ನು ದಾಟುವಾಗ ಕೇಳಿದರು, "ನಂದು ಮುಗೀತು. ನಿನ್ನದಕ್ಕೆ ದಿನ ಇಟ್ಟದ್ದು ಉಂಟಾ?"

ಮರುದಿನ ಡ್ರಾಯರಿನ ಅರ್ಜಿ ತೆಗೆದು ಮ್ಯಾನೇಜರ ಮುಂದಿಟ್ಟೆ. ಇವತ್ತು ಸಂಜೆ ನಾನು ಒತ್ತುವುದಿಲ್ಲ ಎಂದೆ. ಅವರು ನಗಲು ನೋಡಿದರು, ನನ್ನ ಮುಖ ನೋಡಿ ಬಿಟ್ಟರು. ಒಂದೊಂದೇ ಸಾಲು ಬೆರಳಿಟ್ಟು ಓದಿಸಿದೆ. ಅಂದು ಅವರು ಓದದೆ ಬಿಟ್ಟ ಕೊನೆಯ ಸಾಲಿನಲ್ಲಿ ಜವಾಬ್ದಾರರೆಂದು ಅವರ ಹೆಸರು, ನನ್ನ ಹೆಸರು. "ಇಷ್ಟೇಯಾ?" ಎಂದು ಸಹಿ ಹಾಕಿದರು. ಮುಖ್ಯ ಕಚೇರಿಯವರು ಖಾತೆ ತೆರೆದುಕೊಟ್ಟರು, ನಾನು ನನ್ನ ಟೋಕನ್ ಕಿತ್ತು ಅದರದ್ದನ್ನು ಹಾಕಿದೆ. ಸಹಿ ಬಿದ್ದ ಮೇಲೆ ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು.

ಸಂಜೆ ಮನೆಯಲ್ಲಿ ಫೋನ್ ಸುಮ್ಮನಿತ್ತು. ನನ್ನ ಹೆಬ್ಬೆರಳು ಮಾತ್ರ ಸುಮ್ಮನಿರಲಿಲ್ಲ. ಅಡಿಗೆಕೋಣೆಯಿಂದ ಉಮ್ಮ ಕೂಗಿದರು, "ಆರಾಯ್ತು."

"ಇನ್ನು ಅದಿಲ್ಲ ಉಮ್ಮ. ಇವತ್ತು ಸರಿ ಮಾಡಿ ಬಂದೆ."

"ತುಂಬಾ ಕಷ್ಟದ ಕೆಲಸವಾ?"

"ಇಲ್ಲ. ಮುಕ್ಕಾಲು ಗಂಟೆ."

ಸೌಟಿನ ಸದ್ದು ನಿಂತಿತು. ಉಮ್ಮ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು.

"ಉಪ್ಪನನ್ನು ಕೊಂಡು ಹೋಗುವಾಗ ನೀನು ಅಕ್ಕಿ ಡಬ್ಬದ ಹತ್ತಿರ ಇದ್ದದ್ದು ನಾನು ನೋಡಿದ್ದೆ," ಎಂದರು. "ಒಳಗೆ ಹೋಗಿ ಅಳ್ತಿದ್ದಾಳೆ ಅಂತ ಎಲ್ಲರಿಗೆ ಹೇಳಿದ್ದು ನಾನೇ."

ಬೈಯಲಿಲ್ಲ. ನಮಾಝಿಗೆ ಕೈಕಾಲು ಮುಖ ತೊಳೆದು ವುಝೂ ಮಾಡಲು ಹೋದರು. ನಾನು ಅಲ್ಲೇ ಕೂತು, ಆ ದಿನ ಬಾರದೆ ಉಳಿದ ಅಳುವನ್ನು ಅತ್ತೆ.

ಆಮೇಲೊಮ್ಮೆ ಆಫೀಸಿನಲ್ಲಿ ಉಪ್ಪ ಹೋದ ದಿನದ ದಾಖಲೆಯನ್ನು ತೆರೆದು ನೋಡಿದೆ. ಎಲ್ಲ ಕೋಣೆಗಳೂ ಮೈನಸ್ ಹದಿನೆಂಟು. ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ನನ್ನ ಹೆಸರು, ಅದರ ಮುಂದೆ ಹೌದು. ಇಡೀ ದಿನದಲ್ಲಿ ಎಲ್ಲಿಯೂ ಖಾಲಿ ಜಾಗ ಇಲ್ಲ.